ಸೀವುಡ್ಸಿನಿಂದ ಸರೋವರದ ದಡಕ್ಕೆ

ವೈದ್ಯೆ ಒಂದು ಪ್ರಶ್ನೆ ಕೇಳಿ ಕಾದರು. ಪರದೆಯ ಮೇಲೆ ಕೆಲವು ನರ್ಸುಗಳು ಬೆಂಚಿನಲ್ಲಿ ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದರು. ಉತ್ತರ ಬರಲಿಲ್ಲ. ವೈದ್ಯೆ ಪ್ರಶ್ನೆಯನ್ನು ಇನ್ನಷ್ಟು ಸರಳ ಮಾಡಿ ಮತ್ತೆ ಕೇಳತೊಡಗಿದರು. ಸರಿಯಾಗಿ ಆಗಲೇ ಆ ಕಡೆಯಿಂದ ಯಾರೋ ಮೊದಲಿನ ಪ್ರಶ್ನೆಗೆ ಉತ್ತರ ಹೇಳುವ ದನಿ ಕೇಳಿಸಿತು. ಇಬ್ಬರೂ ನಿಲ್ಲಿಸಿದರು. ಮತ್ತೆ ಇಬ್ಬರೂ ಒಟ್ಟಿಗೇ ಶುರು ಮಾಡಿದರು. ಇನ್ನೊಮ್ಮೆ ಹೀಗೇ ಆದಾಗ ಆ ನರ್ಸ್ ತಲೆ ತಗ್ಗಿಸಿ ಸುಮ್ಮನಾದಳು. ವೈದ್ಯೆ ನನ್ನ ಕಡೆ ತಿರುಗಿದರು.

"ಏನ್ರೀ, ಇವ್ರಿಗೆ ನಾ ಹೇಳಿದ್ದು ತಿಳಿಯೂದಿಲ್ಲೋ, ನಿಮ್ಮ ಲೈನ್ ಸರಿ ಇಲ್ಲೋ?"

"ಲೈನ್ ಸರಿ ಉಂಟು ಮೇಡಂ," ಎಂದೆ. ನನ್ನ ಮುಂದಿನ ಪರದೆಯಲ್ಲಿ ಎಲ್ಲವೂ ಹಸಿರಾಗಿಯೇ ಇತ್ತು.

ನಾವಿದ್ದದ್ದು ನವಿ ಮುಂಬಯಿಯ ಸೀವುಡ್ಸಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಕಟ್ಟಡದ ಮೇಲಂತಸ್ತಿನ ಚಿಕ್ಕ ಸ್ಟುಡಿಯೋದಲ್ಲಿ. ಆ ಕಡೆಯ ಬೆಂಚು ಇದ್ದದ್ದು ಮಲಾವಿ ದೇಶದಲ್ಲಿ, ದೊಡ್ಡ ಸರೋವರವೊಂದರ ದಡದ ಹೆರಿಗೆ ಆಸ್ಪತ್ರೆಯಲ್ಲಿ. ನಡುವೆ ಒಂದು ಉಪಗ್ರಹ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಇಂಥ ಊರುಗಳ ಶಾಲೆ, ಆಸ್ಪತ್ರೆಗಳನ್ನು ಇಲ್ಲಿನ ಶಿಕ್ಷಕರಿಗೆ, ವೈದ್ಯರಿಗೆ ಜೋಡಿಸುತ್ತಿತ್ತು. ಆ ಜೋಡಣೆಯ ಜಾಲ ನೋಡಿಕೊಳ್ಳುವುದು ನನ್ನ ಕೆಲಸ.

ಸರೋವರದ ದಡದ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಇರಲಿಲ್ಲ. ಹಿರಿಯ ಸಿಸ್ಟರ್ ಒಬ್ಬರು, ಅವರ ಕೈಕೆಳಗೆ ಈ ನರ್ಸುಗಳು, ಅಷ್ಟೆ. ಶಸ್ತ್ರಚಿಕಿತ್ಸೆ ಆಗಬೇಕಾದರೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಆ ರಸ್ತೆ ಕೊಚ್ಚಿ ಹೋಗುತ್ತದೆ, ದೋಣಿಯೇ ಗತಿ. ಹಾಗಾಗಿ ಯಾವ ಬಸುರಿಯನ್ನು ಮೊದಲೇ ಕಳಿಸಬೇಕು ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ಅಂಗೈಯಲ್ಲಿ ಹಿಡಿಯುವಂಥ ಸ್ಕ್ಯಾನಿಂಗ್ ಯಂತ್ರವೊಂದನ್ನು ಅಲ್ಲಿಗೆ ಕಳಿಸಿದ್ದೆವು. ಅದನ್ನು ಹೊಟ್ಟೆಯ ಮೇಲೆ ಹೇಗೆ ಆಡಿಸಬೇಕು, ಪರದೆಯಲ್ಲಿ ಕಂಡದ್ದನ್ನು ಹೇಗೆ ಓದಬೇಕು ಎಂದು ಕಲಿಸುವವರು ಕಲ್ಯಾಣದಲ್ಲಿ ಸ್ವಂತ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಈ ವೈದ್ಯೆ. ಹುಟ್ಟೂರು ಧಾರವಾಡ. ವಾರಕ್ಕೆರಡು ಮಧ್ಯಾಹ್ನ ತಮ್ಮ ಓಪಿಡಿ ಬೇರೆಯವರಿಗೆ ಒಪ್ಪಿಸಿ ಸೀವುಡ್ಸಿನವರೆಗೆ ಬರುತ್ತಿದ್ದರು. ನಮ್ಮ ಮಧ್ಯಾಹ್ನ ಅಲ್ಲಿನ ನರ್ಸುಗಳಿಗೆ ಬೆಳಗಿನ ಹೊತ್ತು. ಅಲ್ಲಿ ಮಳೆ ಹಿಡಿಯುವುದು ನಮ್ಮ ಚಳಿಗಾಲದಲ್ಲಿ. ಅಷ್ಟರೊಳಗೆ ಅವರು ಕಲಿತಿರಬೇಕು ಎಂಬುದು ಲೆಕ್ಕಾಚಾರ.

ದಸರೆ ಕಳೆದಿತ್ತು. ಅವರಿಗೆ ಏನೂ ಬಂದಿರಲಿಲ್ಲ.

ನಾನು ಮೊದಲು ಹಿಡಿದದ್ದು ಚಿತ್ರದ ದೋಷವನ್ನು. ಸ್ಕ್ಯಾನಿಂಗ್ ಚಿತ್ರವೆಂದರೆ ಕಪ್ಪು ಹಿನ್ನೆಲೆಯಲ್ಲಿ ಬೂದುಬಣ್ಣದ ಹರಳು ಹರಳು. ಆ ಹರಳುಗಳ ಒರಟು, ನಯ ನೋಡಿಯೇ ಡಾಕ್ಟರು ಇದು ಮಗುವನ್ನು ಪೋಷಿಸುವ ಮಾಸು, ಇದು ಗರ್ಭಕೋಶದ ಗೋಡೆ ಎಂದು ಗುರುತಿಸುವುದು. ಆದರೆ ವಿಡಿಯೋವನ್ನು ಸಂಕುಚಿಸುವ ತಂತ್ರಾಂಶಕ್ಕೆ ಆ ಹರಳುಗಳು ಕಸದಂತೆ ಕಾಣುತ್ತವೆ. ಅದು ಎಲ್ಲವನ್ನೂ ಸವರಿ, ಇಸ್ತ್ರಿ ಮಾಡಿದ ಹಾಗೆ ಮಾಡಿ ಕಳಿಸುತ್ತಿತ್ತು. ನಾನು ಸ್ಕ್ಯಾನಿಂಗ್ ಚಿತ್ರಕ್ಕೆ ಬೇರೆ ದಾರಿ ಮಾಡಿ, ಸವರುವುದನ್ನು ನಿಲ್ಲಿಸಿ, ಲೈನಿನಲ್ಲಿ ಹೆಚ್ಚಿನ ಪಾಲು ಕೊಟ್ಟೆ. ಚಿತ್ರ ಸುಧಾರಿಸಿತು. ಆದರೆ ನಮಗಿದ್ದ ಒಟ್ಟು ದಾರಿಯೇ ಕಿರಿದು. ಈಗ ಎರಡೂ ಕಡೆಯ ಮುಖಗಳು ಚೌಕ ಚೌಕವಾಗಿ ಒಡೆದವು. ಮುಖಕ್ಕೆ ಪಾಲು ಕೊಟ್ಟರೆ ದನಿ ಕತ್ತರಿಸಿಕೊಳ್ಳುತ್ತಿತ್ತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಬದಲಾಪುರದವಳು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದವರು. ನಾವು ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ತಂತ್ರಾಂಶ ಬರೆಯುವುದರಲ್ಲಿ ನನಗಿಂತ ಎಷ್ಟೋ ಚುರುಕು.

"ಮ್ಯಾಡಮ್, ಏಕ್ ಚಾದರ್ ಮೇ ತೀನ್ ಲೋಗ್ ಸೋ ರಹೇ ಹೈ," ಎಂದಳು ಒಂದು ದಿನ. ಒಂದೇ ಹೊದಿಕೆಯಲ್ಲಿ ಮೂವರು ಮಲಗಿದ್ದಾರೆ ಎಂದು. "ಏಕ್ ಕೋ ಉಠಾನಾ ಪಡೇಗಾ."

ಯಾರನ್ನು ಎಬ್ಬಿಸುವುದು? ಯೋಜನೆಯ ಮುಖ್ಯಸ್ಥರನ್ನು ಕೇಳಿದೆ. ನೆರವು ಕೊಡುವವರು ಆ ತಿಂಗಳಲ್ಲೇ ನೋಡಲು ಬರುವವರಿದ್ದರು. "ಮುಖ ಕಾಣಿಸದೆ ಅದೆಂಥ ತರಗತಿ? ಗುರು ಶಿಷ್ಯರು ಒಬ್ಬರನ್ನೊಬ್ಬರು ನೋಡಬೇಡವೇ?" ಎಂದರು. ಅವರ ಮಾತು ತಪ್ಪು ಎನ್ನುವ ಹಾಗೂ ಇರಲಿಲ್ಲ.

ಅಷ್ಟರಲ್ಲಿ ಅಲ್ಲಿ ಮಳೆಗಾಲಕ್ಕೆ ಮೊದಲಿನ ಗುಡುಗು ಮಳೆ ಶುರುವಾಯಿತು. ನಮ್ಮ ಸಂಪರ್ಕದ ತರಂಗಗಳು ಜೋರು ಮಳೆಯಲ್ಲಿ ನೀರಿಗೆ ಸಿಕ್ಕಿ ಸೊರಗುತ್ತವೆ. ಆಗ ಮೋಡೆಮ್ ತಾನೇ ವೇಗ ತಗ್ಗಿಸಿಕೊಂಡು ಹೇಗಾದರೂ ಜೀವ ಹಿಡಿದುಕೊಳ್ಳುತ್ತದೆ. ಸೀವುಡ್ಸಿನಲ್ಲಿ ಕಿಟಕಿಯ ಹೊರಗೆ ಸುಡುವ ಬಿಸಿಲು, ಒಳಗೆ ನಮ್ಮ ತರಗತಿ ಮಳೆಯಲ್ಲಿ ಕರಗಿ ಹೋಯಿತು. ವೈದ್ಯೆ ಕಿವಿಯ ಫೋನು ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ, ನನಗೂ ಮನಸೈತಿ. ಆದ್ರ ಅಲ್ಲೆ ಕುಂತ ಹೆಣ್ಮಕ್ಕಳಿಗೆ ಏನೂ ಮುಟ್ಟಲಿಲ್ಲಂದ್ರ ನಾ ಕಲ್ಯಾಣದಿಂದ ಇಲ್ಲೀಮಟಾ ಬಂದು ಏನ್ ಮಾಡ್ಲಿ? ಬ್ಯಾರೆ ಯಾರನ್ನರ ನೋಡ್ಕೋರಿ."

ಅವರು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ತೀರ ಸಮಾಧಾನದಲ್ಲಿ ಹೇಳಿದರು.

ಡೊಂಬಿವಲಿಯ ನನ್ನ ಮನೆಗೆ ಹೋಗಬೇಕಾದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಆ ಸಂಜೆ ಪ್ಲಾಟ್‌ಫಾರಂ ಬದಲಿಸುತ್ತ ಒಂದೇ ವಿಷಯ ಯೋಚಿಸುತ್ತಿದ್ದೆ. ಇಷ್ಟು ದಿನ ನಾನು ಈ ತರಗತಿಯನ್ನು ನಮ್ಮ ಕಡೆಯಿಂದಲೇ ನೋಡಿದ್ದೆ. ವೈದ್ಯೆಯೂ ಅಷ್ಟೆ. ಆ ಬೆಂಚಿನ ಮೇಲೆ ಕೂತವರಿಗೆ ಅದು ಹೇಗೆ ಅನಿಸುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ವೈದ್ಯೆಗೆ ಫೋನ್ ಮಾಡಿ, ಒಂದೇ ಒಂದು ಸಲ ನೀವು ವಿದ್ಯಾರ್ಥಿಯಾಗಿ ಕೂರಬೇಕು ಎಂದು ಕೇಳಿಕೊಂಡೆ.

ಅಷ್ಟು ಎತ್ತರದ ಉಪಗ್ರಹಕ್ಕೆ ಏರಿ ಇಳಿಯುವಷ್ಟರಲ್ಲಿ ಪ್ರತಿ ಮಾತೂ ಕ್ಷಣಹೊತ್ತು ತಡವಾಗುತ್ತದೆ. ಆ ತಡವನ್ನು ಕಚೇರಿಯಲ್ಲೇ ಕೃತಕವಾಗಿ ಹುಟ್ಟಿಸಬಹುದು. ಬದಲಾಪುರದವಳು ಒಂದು ಕಂಪ್ಯೂಟರಿನಲ್ಲಿ ಆ ತಡವನ್ನೂ, ಕಿರಿದಾದ ದಾರಿಯನ್ನೂ ಹಾಗೆಯೇ ಸಿದ್ಧ ಮಾಡಿದಳು. ನಾನು ತರಬೇತಿಗೆ ಬಳಸುವ ರಬ್ಬರಿನ ಹೊಟ್ಟೆಯ ಬೊಂಬೆ ಹೊತ್ತುಕೊಂಡು ಕಲ್ಯಾಣದ ಅವರ ಆಸ್ಪತ್ರೆಗೆ ಹೋದೆ. ಸೀವುಡ್ಸಿನಲ್ಲಿ ಕೂತ ಅವಳು ಗುರು. ಬೊಂಬೆಯ ಮುಂದೆ ಯಂತ್ರ ಹಿಡಿದ ವೈದ್ಯೆ ಶಿಷ್ಯೆ. ಬೊಂಬೆಯೊಳಗಿನ ಮಗುವಿನ ತಲೆಯನ್ನು ಅವಳು ಹೇಳಿದಂತೆ ಕೈ ಆಡಿಸಿ ಹುಡುಕಬೇಕು, ತಮಗೆ ಗೊತ್ತಿದ್ದಂತೆ ಅಲ್ಲ ಎಂಬುದು ಕರಾರು.

"ಲೆಫ್ಟ್... ಲೆಫ್ಟ್... ಬಸ್, ರುಕೋ!" ಎಂದಳು ಅವಳು.

ವೈದ್ಯೆಯ ಕೈ ನಿಂತಿತು. ಆದರೆ ಅಷ್ಟರಲ್ಲಿ ಅದು ತಲೆಯನ್ನು ದಾಟಿ ಹೋಗಿತ್ತು. ಬಲಕ್ಕೆ ಎಂದಳು, ಬಲಕ್ಕೆ ದಾಟಿತು. ಅವಳು ಕಂಡ ಚಿತ್ರ ಆಗಲೇ ಹಳೆಯದು, ಅವಳ ಮಾತು ಬರುವಷ್ಟರಲ್ಲಿ ಇನ್ನೂ ಹಳೆಯದು. ಹತ್ತಾರು ಸಲ ಹೀಗೆ ಆಚೀಚೆ ಓಡಾಡಿದ ಮೇಲೆ ವೈದ್ಯೆ ಯಂತ್ರವನ್ನು ಬೊಂಬೆಯ ಪಕ್ಕ ಇಟ್ಟು ಕುರ್ಚಿಗೆ ಒರಗಿದರು. ಇಪ್ಪತ್ತು ವರ್ಷಗಳಿಂದ ದಿನವೂ ಮಾಡುವ ಕೆಲಸ ಅದು.

"ಅಯ್ಯ ನನ್ನ ಶಿವನ," ಎಂದರು. "ಕೈ ಹಿಡಿದು ಕಲಸೂದು ಈ ಲೈನಿನ್ಯಾಗ ಆಗೂದ ಇಲ್ಲ. ನಾ ಆ ಪಾಪದ ಹುಡಿಗ್ಯಾರನ್ನ ದಡ್ಡರು ಅನ್ಕೊಂಡಿದ್ದೆ."

ಆ ಶನಿವಾರ ನಾವು ಮೂವರೂ ಠಾಣೆಯ ನೌಪಾಡಾದಲ್ಲಿ ಕೂತೆವು. ಉಡುಪಿಯಿಂದ ಬಂದ ನಮ್ಮಪ್ಪ ಅಲ್ಲಿ ಹಾಕಿದ್ದ ಸಸ್ಯಾಹಾರಿ ಹೋಟೆಲನ್ನು ಈಗ ನನ್ನ ತಮ್ಮ ನಡೆಸುತ್ತಾನೆ. ಕಲ್ಯಾಣದವರಿಗೂ ಬದಲಾಪುರದವಳಿಗೂ ನನಗೂ ಅನುಕೂಲದ ಜಾಗ. ತಮ್ಮ ಒಳಗಿನ ಟೇಬಲ್ ಕೊಟ್ಟು, ಬನ್ಸ್ ತಂದಿಟ್ಟು, "ಅಕ್ಕ, ಎಂತದು ಇಷ್ಟು ಗಂಭೀರ? ಯಾರದ್ದಾದರೂ ಮದುವೆ ಮಾತುಕತೆಯಾ?" ಎಂದು ಕೇಳಿ ಹೋದ.

"ಮುಖವನ್ನು ತೆಗೆದು ಬಿಡುವ," ಎಂದೆ ನಾನು. "ನೇರ ಸ್ಕ್ಯಾನಿಂಗ್ ಚಿತ್ರವನ್ನೂ ತೆಗೆಯುವ. ಲೈನಿನಲ್ಲಿ ದನಿ ಒಂದೇ ಇರಲಿ."

"ಚಿತ್ರ ಇಲ್ದ ಸ್ಕ್ಯಾನಿಂಗ್ ಹೆಂಗ್ರೀ ಕಲಸ್ಲಿ?"

ನಾನು ಯೋಚಿಸಿಕೊಂಡಿದ್ದನ್ನು ಹೇಳಿದೆ. ಯಂತ್ರ ಹಿಡಿದ ಕೈಗೆ ನಾವು ಇಲ್ಲಿಂದ ದಾರಿ ತೋರಿಸುವುದು ಬೇಡ. ಹೊಟ್ಟೆಯ ಮೇಲೆ ಯಾವ ಗೆರೆಗಳಲ್ಲಿ, ಎಷ್ಟು ನಿಧಾನ ಯಂತ್ರ ಎಳೆಯಬೇಕು ಎಂಬುದನ್ನು ಮೊದಲೇ ನಿಗದಿ ಮಾಡಿ ಕಲಿಸೋಣ, ರಂಗೋಲಿಯ ಎಳೆಯ ಹಾಗೆ. ಅವರು ಎಳೆದು, ಪೂರ್ತಿ ಸ್ಪಷ್ಟತೆಯಲ್ಲಿ ಅಲ್ಲೇ ರೆಕಾರ್ಡ್ ಮಾಡಿಕೊಳ್ಳಲಿ. ಆ ಕಡತ ಮಳೆಯೋ ಬಿಸಿಲೋ, ತುಣುಕು ತುಣುಕಾಗಿ ನಿಧಾನ ಬರಲಿ. ಅದೇ ಚಿತ್ರ ಅವರ ಮುಂದೆ ಅಲ್ಲಿ, ನಮ್ಮ ಮುಂದೆ ಇಲ್ಲಿ. ಆಮೇಲೆ ಅದರ ಬಗ್ಗೆ ಮಾತು.

"ಬೀಚ್ ಮೇ ಲಿಂಕ್ ಟೂಟಾ ತೋ ಜಹಾ ರುಕಾ, ವಹೀ ಸೇ ಚಾಲೂ," ಎಂದಳು ಬದಲಾಪುರದವಳು. ಸಂಪರ್ಕ ಕಡಿದರೂ ನಿಂತಲ್ಲಿಂದಲೇ ಮುಂದುವರಿಯುವ ತಂತ್ರಾಂಶ ಬರೆಯುವುದು ಅವಳ ಜವಾಬ್ದಾರಿಯಾಯಿತು.

ವೈದ್ಯೆ ಬನ್ಸಿನ ತುಂಡೊಂದನ್ನು ಕೈಯಲ್ಲೇ ಹಿಡಿದು ಯೋಚಿಸಿದರು. "ಮುಖ ಕಾಣಲಿಲ್ಲಂದ್ರ ಅವ್ರು ನನ್ನ ನಂಬ್ತಾರೇನು?" ಎಂದರು. ಕಡೆಗೆ, ತರಗತಿಗೆ ಮೊದಲು ಸ್ವಲ್ಪ ಹೊತ್ತು ಬರೀ ಮುಖ ನೋಡಿ ಯೋಗಕ್ಷೇಮ ಮಾತಾಡುವುದು, ಆಮೇಲೆ ಕ್ಯಾಮೆರಾ ಮುಚ್ಚಿ ಪಾಠ ಎಂದು ಗೊತ್ತು ಮಾಡಿದೆವು. ಅದನ್ನು ಹೇಳಿಯೇ ಮುಖ್ಯಸ್ಥರನ್ನೂ ಒಪ್ಪಿಸಿದೆ. ನೋಡಲು ಬರುವವರಿಗೆ ಆ ಮೊದಲ ಭಾಗ ತೋರಿಸಿ ಎಂದೆ. "ಮಳೆಗಾಲದೊಳಗೆ ಫಲ ಕಾಣದಿದ್ದರೆ ಹಳೆಯ ಪದ್ಧತಿಗೇ ಬರಬೇಕು," ಎಂದರು ಅವರು.

ಹೊಸ ತರಗತಿಯ ಮೊದಲ ದಿನ ಎಲ್ಲರಿಗೂ ಮುಜುಗರ. ಮಾತು ಮುಗಿಯಿತು ಎಂದು ಇನ್ನೊಬ್ಬರಿಗೆ ತಿಳಿಯುವುದು ಹೇಗೆ? ಪೊಲೀಸರ ವಾಕಿಟಾಕಿಯಂತೆ 'ಓವರ್' ಎನ್ನಿ ಎಂದೆ. ಹಿರಿಯ ಸಿಸ್ಟರ್ ಆ ಕಡೆಯಿಂದ ನಕ್ಕರು. "ಅದು ಸೈನ್ಯದವರ ಮಾತು. ನಮ್ಮಲ್ಲಿ ಮಾತು ಮುಗಿಸುವಾಗ 'ಜಿಕೊಮೊ' ಅನ್ನುತ್ತೇವೆ, ಧನ್ಯವಾದ ಅಂತ. ಅದು ಆಗುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಗದೆ ಏನು! ಅಂದಿನಿಂದ ಪ್ರತಿ ಮಾತಿನ ಕೊನೆಗೂ ಒಂದು ಜಿಕೊಮೊ. ಜಿಕೊಮೊ ಕೇಳುವ ತನಕ ಇನ್ನೊಬ್ಬರು ಬಾಯಿ ತೆರೆಯುವ ಹಾಗಿಲ್ಲ. ವೈದ್ಯೆಗೆ ಇದು ಸುಲಭವಾಗಿರಲಿಲ್ಲ. ನರ್ಸ್ ತಡವರಿಸಿದರೆ ಬಾಯಿಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡು, ಮೇಜಿನ ಅಂಚನ್ನು ಬೆರಳಲ್ಲಿ ಬಡಿಯುತ್ತ ಕೂರುತ್ತಿದ್ದರು.

ಆ ಕಾಯುವಿಕೆಯಲ್ಲೇ ನರ್ಸುಗಳಿಗೆ ಬಾಯಿ ಬಂತು. ಹಿಂದೆ ತಲೆ ತಗ್ಗಿಸಿ ಸುಮ್ಮನಾದವಳೇ ಈಗ, "ಮೂತ್ರಕೋಶ ತುಂಬಿರದಿದ್ದರೆ ಕೆಳಗಿನ ಭಾಗ ಸರಿಯಾಗಿ ಕಾಣುವುದಿಲ್ಲ. ಈ ರೆಕಾರ್ಡಿಂಗಿನಲ್ಲಿ ಅದೇ ಆಗಿದೆ, ನಾನು ಮತ್ತೆ ಮಾಡಬೇಕು. ಜಿಕೊಮೊ," ಎಂದಳು. ವೈದ್ಯೆ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಅವರಿಗೆ ಬಂದ ನಗು ಅವತ್ತಿಡೀ ಮುಖದಿಂದ ಇಳಿಯಲಿಲ್ಲ.

ತುಣುಕು ತುಣುಕಾಗಿ ಬರುವ ತಂತ್ರಾಂಶ ಮೊದಮೊದಲು ಕಾಡಿತು. ಒಂದು ಸಲ ತುಣುಕುಗಳು ಹಿಂದುಮುಂದಾಗಿ ಜೋಡಿಕೊಂಡು, ಮಗು ಹಿಂದಕ್ಕೆ ಚಲಿಸಿದಂತೆ ಕಂಡಿತು. ಇನ್ನೊಂದು ಸಲ ಅಲ್ಲಿ ಕರೆಂಟು ಹೋಗಿ ಇಡೀ ಕಡತ ಅಳಿಸಿ ಹೋಯಿತು. ಬದಲಾಪುರದವಳು ಗೊಣಗುತ್ತಲೇ ಒಂದೊಂದನ್ನೂ ಸರಿ ಮಾಡಿದಳು. ಜೊತೆಗೆ ನಾವು ಒಂದು ನಿಯಮ ಸೇರಿಸಿದೆವು: ಗರ್ಭಕೋಶದ ಬಾಯಿಯ ಹತ್ತಿರದ ಗೆರೆ ಮೊದಲು ಬರಬೇಕು, ಉಳಿದದ್ದು ಆಮೇಲೆ. ಅಪಾಯ ಹೆಚ್ಚಾಗಿ ಅಡಗಿರುವುದು ಅಲ್ಲೇ ಎಂದು ವೈದ್ಯೆ ಹೇಳಿದ್ದರು.

ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಮಳೆ ಪೂರ್ತಿ ಹಿಡಿದಿತ್ತು. ತರಗತಿ ಇಲ್ಲದ ಒಂದು ದಿನ, ನಾವು ಊಟ ಮುಗಿಸಿ ಕೂತಾಗ ಸಿಸ್ಟರ್ ಕರೆ ಬಂತು. ದನಿಯ ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು. ಎಂಟು ತಿಂಗಳ ಬಸುರಿಯೊಬ್ಬಳು ಬಂದಿದ್ದಾಳೆ, ನೋವಿಲ್ಲ, ಆದರೆ ರಕ್ತ ಹೋಗುತ್ತಿದೆ. ಸ್ಕ್ಯಾನ್ ಮಾಡಿದ್ದೇನೆ, ಡಾಕ್ಟರ್ ನೋಡಬೇಕು ಎಂದರು. ವೈದ್ಯೆ ಕಲ್ಯಾಣದ ತಮ್ಮ ಆಸ್ಪತ್ರೆಯಲ್ಲಿದ್ದರು. ಅವರ ಫೋನನ್ನು ಉಪಗ್ರಹದ ಲೈನಿಗೆ ಜೋಡಿಸಿದೆ. ಬಂದ ಚಿತ್ರ ಅವರ ಕಂಪ್ಯೂಟರಿಗೂ ಹೋಗುವಂತೆ ಬದಲಾಪುರದವಳು ಮಾಡಿದಳು.

ಚಿತ್ರ ಬರಬೇಕಲ್ಲ. ಮೋಡೆಮ್ ವೇಗ ತಗ್ಗಿಸುತ್ತ ತಗ್ಗಿಸುತ್ತ ತಳಕ್ಕೆ ಹೋಗಿತ್ತು. ಆ ಲೈನಿನಲ್ಲಿ ಓಡುತ್ತಿದ್ದ ಉಳಿದೆಲ್ಲವನ್ನೂ, ನನ್ನ ಹಸಿರು ದೀಪಗಳನ್ನು ತೋರಿಸುವ ಮಾಹಿತಿಯನ್ನೂ ಸೇರಿಸಿ, ನಿಲ್ಲಿಸಿಬಿಟ್ಟೆ. ಈಗ ಲೈನು ಹೇಗಿದೆ ಎಂದು ತಿಳಿಯಲು ನನಗಿದ್ದದ್ದು ಕಿವಿಯೊಂದೇ. ಕಡತ ಸ್ವಲ್ಪ ಸರಿಯಿತು, ನಿಂತಿತು, ಮತ್ತೆ ಸರಿಯಿತು.

"ಚಿತ್ರ ಬರೂಮಟಾ ಕಾಯೂದು ಬ್ಯಾಡ," ಎಂದರು ವೈದ್ಯೆ ನನಗೆ. ಆಮೇಲೆ ಇಂಗ್ಲಿಷಿನಲ್ಲಿ ಸಿಸ್ಟರಿಗೆ, "ನಿಮ್ಮ ಪರದೆಯಲ್ಲಿ ಕಾಣುವುದನ್ನು ಓದಿ ಹೇಳಿ. ಜಿಕೊಮೊ."

ಸಿಸ್ಟರ್ ಓದಿದರು. ಮಗುವಿನ ತಲೆ ಕೆಳಗೆ ಬಂದಿಲ್ಲ, ಓರೆಯಾಗಿ ಮೇಲೇ ಇದೆ. ಎದೆಬಡಿತ ಚೆನ್ನಾಗಿದೆ. ಮಾಸು ಕೆಳಗೆ ಇಳಿದು ಗರ್ಭಕೋಶದ ಬಾಯಿಯನ್ನು ಪೂರ್ತಿ ಮುಚ್ಚಿದೆ. ಮೂತ್ರಕೋಶ ತುಂಬಿಸಿ ಒಮ್ಮೆ, ಖಾಲಿ ಮಾಡಿಸಿ ಒಮ್ಮೆ ನೋಡಿದ್ದೇನೆ, ಎರಡು ಸಲವೂ ಹಾಗೇ ಕಂಡಿದೆ. ಮಾಸು ಮುಟ್ಟಿದರೆ ರಕ್ತ ಇನ್ನೂ ಹೆಚ್ಚುತ್ತದೆಂದು ಒಳಗೆ ಕೈ ಹಾಕಿ ಪರೀಕ್ಷೆ ಮಾಡಿಲ್ಲ, ಯಾರಿಗೂ ಮಾಡಲು ಬಿಟ್ಟಿಲ್ಲ. ಸಲೈನ್ ಹಚ್ಚಿದ್ದೇನೆ. ಅವಳ ಅಣ್ಣಂದಿರು ರಕ್ತ ಕೊಡಲು ಜೊತೆಗೆ ಹೋಗುತ್ತಾರೆ. ಮೋಟಾರು ದೋಣಿಗೆ ಹೇಳಿ ಕಳಿಸಿ ಆಗಿದೆ, ಜಿಲ್ಲಾ ಆಸ್ಪತ್ರೆಯ ಸರ್ಜನ್ನರಿಗೂ ತಿಳಿಸಿದ್ದೇನೆ. ನಾನು ಓದಿದ್ದು ಸರಿಯೇ ಎಂದು ಮಾತ್ರ ನೀವು ಹೇಳಬೇಕು.

ಅಷ್ಟರಲ್ಲಿ ಬದಲಾಪುರದವಳು "ಆ ಗಯಾ!" ಎಂದಳು. ಮೊದಲ ಗೆರೆಯ ರೆಕಾರ್ಡಿಂಗ್ ಪೂರ್ತಿ ಬಂದಿತ್ತು, ಒಂದು ಹರಳೂ ಅಳಿಸದೆ. ವೈದ್ಯೆ ಅದನ್ನು ತಮ್ಮ ಪರದೆಯಲ್ಲಿ ಓಡಿಸಿ ನೋಡಿದರು.

"ನೀವು ಓದಿದ್ದು ಸರಿ ಇದೆ," ಎಂದರು ಸಿಸ್ಟರಿಗೆ. "ಎಲ್ಲವೂ ಸರಿ ಇದೆ. ಕಳಿಸಿ. ಜಿಕೊಮೊ." ಸಿಸ್ಟರ್ ಲೈನಿನಿಂದ ಹೋದ ಮೇಲೆ ನನಗೆ ಕನ್ನಡದಲ್ಲಿ, "ನಾ ಹೇಳೂದು ಏನೂ ಉಳದಿರಲಿಲ್ಲ ನೋಡ್ರಿ," ಎಂದರು.

ದೋಣಿ ಹೊರಟಿತು ಎಂಬ ಸುದ್ದಿಯ ನಂತರ ಮಳೆ ಲೈನನ್ನು ಪೂರ್ತಿ ನುಂಗಿತು. ಅವತ್ತು ನಾನು ಮನೆಯಲ್ಲಿ ಏನು ಉಂಡೆನೋ ನೆನಪಿಲ್ಲ. ಮರುದಿನ ಕಚೇರಿಯ ಬಾಗಿಲು ತೆರೆಯುವಾಗಲೇ ಬದಲಾಪುರದವಳ ಕೂಗು ಕೇಳಿಸಿತು. ಅವಳು ಅಪರೂಪಕ್ಕೆ ಕನ್ನಡದಲ್ಲಿ ಕೂಗಿದ್ದಳು: "ಇಬ್ಬರೂ ಚೆನ್ನಾಗಿದ್ದಾರೆ! ಹೆಣ್ಣು ಮಗು!" ಸರ್ಜನ್ ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಅಣ್ಣಂದಿರ ರಕ್ತ ಬೇಕಾಗಿ ಬಂದಿತ್ತು. ಮುಖ್ಯಸ್ಥರು ಎಲ್ಲರಿಗೂ ಪೇಢೆ ತರಿಸಿದರು. ಹಳೆಯ ಪದ್ಧತಿಯ ಮಾತು ಮತ್ತೆ ಬರಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಅದೇ ದಡದಲ್ಲಿ, ಇನ್ನಷ್ಟು ದಕ್ಷಿಣಕ್ಕಿದ್ದ ಇನ್ನೊಂದು ಆಸ್ಪತ್ರೆಯವರು ತಮಗೂ ಕಲಿಸಿ ಎಂದು ಕೇಳಿದರು. "ನಾನೇ ಕಲಿಸುತ್ತೇನೆ," ಎಂದರು ಸಿಸ್ಟರ್. ನನಗೆ ಹೊಸ ತಲೆನೋವು. ಒಂದು ಹಳ್ಳಿಯ ದನಿ ಉಪಗ್ರಹಕ್ಕೆ ಏರಿ, ನವಿ ಮುಂಬಯಿಗೆ ಇಳಿದು, ಮತ್ತೆ ಏರಿ ಪಕ್ಕದ ಹಳ್ಳಿಗೆ ಇಳಿಯಬೇಕು. ತಡ ಇಮ್ಮಡಿ. ಎದುರುಬದುರು ಹರಟುವವರಿಗೆ ಹುಚ್ಚು ಹಿಡಿಸುವಂಥ ಲೈನು. ಆದರೆ ತಮ್ಮ ಸರದಿಗೆ ಕಾದು ಮಾತಾಡಲು ಕಲಿತವರಿಗೆ ಅದು ಅಡ್ಡಿಯಾಗದು ಎಂದು ಅಂದಾಜಿಸಿ ಜೋಡಿಸಿದೆ.

ಮೊದಲ ತರಗತಿಗೆ ವೈದ್ಯೆ ತಾವಾಗಿಯೇ ಸೀವುಡ್ಸಿಗೆ ಬಂದರು. ಕಲಿಸಲು ಅಲ್ಲ, ಸುಮ್ಮನೆ ಕೇಳಲು. ಸಿಸ್ಟರ್ ಇಂಗ್ಲಿಷ್ ಬಿಟ್ಟು ತಮ್ಮ ಚಿಚೇವಾ ಭಾಷೆಯಲ್ಲೇ ಪಾಠ ಶುರು ಮಾಡಿದರು. ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ. ಆ ಕಡೆಯ ಹೊಸ ನರ್ಸುಗಳು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ನಡುವೆ ಸಿಸ್ಟರ್ ಏನೋ ಅಂದರು, ಎರಡೂ ಕಡೆಯವರು ಗೊಳ್ಳೆಂದು ನಕ್ಕರು. ವೈದ್ಯೆಯೂ ನಕ್ಕು, ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಏನಂದ್ರು?"

"ಗೊತ್ತಿಲ್ಲ ಮೇಡಂ. ಒಂದಕ್ಷರವೂ ಅರ್ಥ ಆಗುವುದಿಲ್ಲ."

"ಇರ್ಲಿ ಬಿಡ್ರಿ," ಎಂದು ಅವರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಕೇಳತೊಡಗಿದರು.